ಬೋರರ್ ಹೊಟ್ಟೆಯಲ್ಲಿರುವ ಬಾಡಿಗೆದಾರರು

ಹೋದ ಫೆಬ್ರವರಿಯಲ್ಲಿ ಕಣದ ತುಂಬ ರೋಬಸ್ಟಾ ಕಾಫಿ ಹರಡಿದ್ದ ದಿನ ಪಕ್ಕದ ತೋಟದ ಮಾವ ಬಂದು ಕೂತರು. ಒಂದು ಮುಷ್ಟಿ ಹಣ್ಣು ಎತ್ತಿಕೊಂಡು ಒಂದೊಂದನ್ನೇ ತಿರುಗಿಸಿ ನೋಡಿ, ನಾಲ್ಕನ್ನು ಬದಿಗಿಟ್ಟರು. ನಾಲ್ಕರ ಹೊಕ್ಕುಳಲ್ಲೂ ಸೂಜಿ ಚುಚ್ಚಿದಂಥ ತೂತು.

"ಎಚ್.ಡಿ. ಕೋಟೆ ಕಡೆ ಹತ್ತಿಗೆ ಬಿಟಿ ಹಾಕಿದ್ದಾರಲ್ಲ, ಅದನ್ನೇ ಕಾಫಿಗೂ ಹಾಕಿಬಿಟ್ಟಿದ್ರೆ ಈ ಬೋರರ್ ಕಾಟ ಮುಗೀತಿತ್ತಲ್ಲ ಮಾರಾಯ?"

"ಮುಗೀತಿರಲಿಲ್ಲ ಮಾವ" ಅಂದೆ. ಯಾಕೆ ಅಂತ ಹೇಳುವಷ್ಟರಲ್ಲಿ ಎರಡು ಸಲ ಕಾಫಿ ಕಾಸಬೇಕಾಯಿತು. ಆವತ್ತು ಹಿಂದುಮುಂದಾಗಿ ಹೇಳಿದ್ದನ್ನು ಇಲ್ಲಿ ಸ್ವಲ್ಪ ಸರಿಮಾಡಿ ಬರೆದಿದ್ದೇನೆ.

ಮೊದಲು ಹುಳುವಿನ ಜಾತಕ ನೋಡೋಣ. ನಾವು ಬೋರರ್ ಎಂದು ಬೈಯುವ ಕಾಫಿ ಕಾಯಿಕೊರಕ ಎರಡು ಮಿಲಿಮೀಟರ್ ಕೂಡ ಇಲ್ಲದ ಕರಿ ಜೀರುಂಡೆ. ಭಾರತದಲ್ಲಿ ಅದು ಮೊದಲು ಸಿಕ್ಕಿದ್ದು 1990ರಲ್ಲಿ, ನೀಲಗಿರಿಯ ಗೂಡಲೂರಿನಲ್ಲಿ. ಅಲ್ಲಿಂದ ವಯನಾಡು, ಕೊಡಗು ಅದಕ್ಕೆ ದೂರವಾಗಲಿಲ್ಲ. ಹೆಣ್ಣು ಕಾಯಿಯ ತುದಿಯಲ್ಲಿ ತೂತು ಕೊರೆದು ಬೀಜದೊಳಗೆ ಸುರಂಗ ಮಾಡಿ ಅಲ್ಲೇ ಮೊಟ್ಟೆ ಇಡುತ್ತದೆ. ಮರಿಗಳು ಬೀಜವನ್ನೇ ತಿಂದು ಬೆಳೆಯುತ್ತವೆ. ಗಂಡುಗಳಿಗೆ ಹಾರಲು ಬರುವುದಿಲ್ಲ, ಹುಟ್ಟಿದ ಬೀಜದಲ್ಲೇ ಸಾಯುತ್ತವೆ. ಅಲ್ಲೇ ಒಡಹುಟ್ಟಿದವುಗಳ ಜೊತೆಗೇ ಕೂಡಿ ಗರ್ಭ ಕಟ್ಟಿದ ಹೆಣ್ಣುಗಳು ಮಾತ್ರ ಹೊರಬಂದು ಬೇರೆ ಕಾಯಿ ಹುಡುಕುತ್ತವೆ. ಬದುಕಿನ ಬಹುಪಾಲು ಬೀಜದ ಒಳಗೇ ಆದ್ದರಿಂದ ಹೊರಗಿನಿಂದ ಹೊಡೆದ ಮದ್ದು ಅದರ ಮೈ ಮುಟ್ಟುವುದು ಅಪರೂಪ. ಕೊಯ್ಲು ಮುಗಿದ ಮೇಲೆ ಗಿಡದಲ್ಲಿ ಉಳಿದ, ನೆಲಕ್ಕೆ ಉದುರಿದ ಕಾಯಿಗಳಲ್ಲೇ ಮುಂದಿನ ಫಸಲಿನ ತನಕ ಕಾಯುತ್ತದೆ. ಉದುರು ಕಾಫಿ ಹೆಕ್ಕಿಸಿ ಎಂದು ಕಾಫಿ ಬೋರ್ಡಿನವರು ಬಾಯಿ ನೋಯುವಷ್ಟು ಹೇಳುವುದು ಇದಕ್ಕೇ.

ಈಗ ವಿಚಿತ್ರಕ್ಕೆ ಬರೋಣ. ಕಾಫಿ ಗಿಡ ಕೆಫೀನ್ ತಯಾರಿಸುವುದು ನಮ್ಮ ಬೆಳಗಿನ ಜಾವದ ನಿದ್ದೆ ಬಿಡಿಸಲು ಅಲ್ಲ ತಾನೆ? ಹುಳುಹುಪ್ಪಟೆಗೆ ಅದು ವಿಷ. ಅರೇಬಿಕಾದಲ್ಲಿ ಇರುವುದಕ್ಕಿಂತ ರೋಬಸ್ಟಾ ಬೀಜದಲ್ಲಿ ಹತ್ತಿರಹತ್ತಿರ ಎರಡರಷ್ಟು ಕೆಫೀನ್ ಇರುತ್ತದೆ. ಕಾಫಿ ಗಿಡದ ಎಲೆ, ಕಾಂಡ, ಬೇರು ತಿನ್ನುವ ಕೀಟಗಳು ನೂರಾರಿವೆ. ಆದರೆ ಬೀಜವನ್ನೇ ಮನೆಯೂ ಊಟವೂ ಮಾಡಿಕೊಂಡು ಬದುಕಿನ ಬಹುಪಾಲು ಕಳೆಯುವುದು ಇದೊಂದೇ. ವಿಷದ ಡಬ್ಬಿಯೊಳಗೆ ಸಂಸಾರ ಹೂಡುವುದು ಅದಕ್ಕೆ ಹೇಗೆ ಸಾಧ್ಯವಾಯಿತು?

2015ರಲ್ಲಿ ಅಮೆರಿಕದ ಬರ್ಕ್ಲಿ ಪ್ರಯೋಗಾಲಯದ ಹಾವಿಯೆರ್ ಸೆಹಾ-ನವಾರೊ ಮತ್ತು ಸಂಗಡಿಗರು ಇದಕ್ಕೆ ಉತ್ತರ ಕೊಟ್ಟರು. ಅವರು ಮಾಡಿದ್ದು ಸರಳವಾದ, ಆದರೆ ಜಾಣತನದ ಕೆಲಸ. ಬೋರರ್‌ಗೆ ಕೆಫೀನ್ ಇರುವ ಆಹಾರ ತಿನ್ನಿಸಿ ಅದರ ಹಿಕ್ಕೆ ನೋಡಿದರು, ಕೆಫೀನ್ ಇರಲಿಲ್ಲ. ಒಳಗೆಲ್ಲೋ ಕರಗಿಹೋಗಿತ್ತು. ಇನ್ನೊಂದು ಗುಂಪಿಗೆ ಅದೇ ಊಟದ ಜೊತೆ ಆ್ಯಂಟಿಬಯೋಟಿಕ್ ಬೆರೆಸಿ ಕೊಟ್ಟರು. ಆಗ ಕೆಫೀನ್ ಹಾಗೇ ಹೊರಬಂತು. ಅಂದರೆ ವಿಷ ಕರಗಿಸುತ್ತಿದ್ದದ್ದು ಹುಳು ಅಲ್ಲ, ಅದರ ಕರುಳಲ್ಲಿ ಬಾಡಿಗೆಗಿದ್ದ ಬ್ಯಾಕ್ಟೀರಿಯಾ. ಆ್ಯಂಟಿಬಯೋಟಿಕ್ ತಿಂದ ಹುಳುಗಳ ಮೊಟ್ಟೆ, ಮರಿಗಳ ಸಂಖ್ಯೆ ಸುಮಾರು ಶೇ. 95ರಷ್ಟು ಕುಸಿಯಿತು. ಬಾಡಿಗೆದಾರರಲ್ಲಿ ಸ್ಯೂಡೋಮೊನಾಸ್ ಫುಲ್ವಾ ಎಂಬ ಒಬ್ಬನನ್ನು ಮತ್ತೆ ಕರುಳಿಗೆ ಸೇರಿಸಿದಾಗ ಕೆಫೀನ್ ಕರಗಿಸುವ ಶಕ್ತಿ ವಾಪಸು ಬಂತು.

ಇದಕ್ಕೂ ಮೂರು ವರ್ಷ ಮೊದಲು, 2012ರಲ್ಲಿ, ಇದೇ ಹುಳುವಿನ ಬಗ್ಗೆ ಇನ್ನೊಂದು ಸುದ್ದಿ ಬಂದಿತ್ತು. ಕಾಫಿ ಬೀಜ ಅಷ್ಟು ಗಟ್ಟಿಯಾಗಿರಲು ಒಂದು ಬಗೆಯ ಸಕ್ಕರೆಯ ಸರಪಣಿ ಕಾರಣ. ಅದನ್ನು ಕತ್ತರಿಸುವ ಕಿಣ್ವದ ಜೀನ್ ಬೋರರ್‌ನ ಸ್ವಂತ ವರ್ಣತಂತುವಿನಲ್ಲೇ ಇದೆ, ಆದರೆ ಆ ಜೀನ್ ಮೂಲದಲ್ಲಿ ಬ್ಯಾಕ್ಟೀರಿಯಾದ್ದು. ಯಾವುದೋ ಕಾಲದಲ್ಲಿ ಯಾವುದೋ ಬ್ಯಾಕ್ಟೀರಿಯಾದಿಂದ ಹುಳುವಿಗೆ ದಾಟಿ, ಅಲ್ಲೇ ಆಸ್ತಿಯಾಗಿ ನಿಂತುಬಿಟ್ಟಿದೆ. ಕುಲಾಂತರಿ ಬೆಳೆ ಬೇಕೋ ಬೇಡವೋ ಎಂದು ನಾವು ಸಭೆ ಮಾಡುತ್ತಿರುವಾಗ ನಮ್ಮ ಕಣದಲ್ಲೇ ಕುಲಾಂತರಿ ಹುಳು ಓಡಾಡುತ್ತಿತ್ತು ಅನ್ನಿ! ಮಾವನಿಗೆ ಇದು ಬಹಳ ಹಿಡಿಸಿತು.

ಇನ್ನು ಅವರ ಪ್ರಶ್ನೆ. ಬಿಟಿ ಎಂದರೆ ಬ್ಯಾಸಿಲಸ್ ತುರಿಂಜಿಯೆನ್ಸಿಸ್, ಮಣ್ಣಲ್ಲಿ ಸಾಮಾನ್ಯವಾಗಿ ಸಿಗುವ ಬ್ಯಾಕ್ಟೀರಿಯಾ. 1901ರಲ್ಲಿ ಜಪಾನಿನ ಇಶಿವಾತ ಅದನ್ನು ಕಂಡದ್ದು ರೇಷ್ಮೆಹುಳ ಸಾಯುವ ರೋಗದಲ್ಲಿ. ರಾಮನಗರ, ಕೊಳ್ಳೇಗಾಲದ ರೇಷ್ಮೆಯವರಿಗೆ ಅದು ಇವತ್ತಿಗೂ ಮಿತ್ರನಲ್ಲ. 1911ರಲ್ಲಿ ಜರ್ಮನಿಯ ಬರ್ಲಿನರ್ ಅದನ್ನೇ ಹಿಟ್ಟಿನ ಪತಂಗದ ಮರಿಯಲ್ಲಿ ಕಂಡರು. ಆ ಹಿಟ್ಟು ತುರಿಂಜಿಯಾ ಪ್ರಾಂತ್ಯದ್ದಾದ್ದರಿಂದ ಈ ನಾಲಿಗೆ ತಿರುಚುವ ಹೆಸರು.

ಈ ಬ್ಯಾಕ್ಟೀರಿಯಾ ತನ್ನ ಮೈಯೊಳಗೆ ಹರಳಿನಂತೆ ಒಂದು ಪ್ರೋಟೀನ್ ಕಟ್ಟುತ್ತದೆ. ನಾವು ತಿಂದರೆ ಅದು ಹೊಟ್ಟೆಯ ಆಮ್ಲದಲ್ಲಿ ಬೇರೆ ಪ್ರೋಟೀನುಗಳಂತೆ ಜೀರ್ಣವಾಗಿ ಹೋಗುತ್ತದೆ. ಪತಂಗದ ಮರಿಹುಳದ ಕರುಳು ಹಾಗಲ್ಲ, ಅದು ಗಟ್ಟಿ ಕ್ಷಾರ. ಎಲೆಯಡಿಕೆಗೆ ಸುಣ್ಣ ಹೆಚ್ಚಾಗಿ ನಾಲಿಗೆ ಬೇಯಿಸಿಕೊಂಡವರಿಗೆ ಕ್ಷಾರ ಎಂದರೇನೆಂದು ವಿವರಿಸಬೇಕಿಲ್ಲ. ಆ ಕ್ಷಾರದಲ್ಲಿ ಹರಳು ಕರಗುತ್ತದೆ, ಹುಳುವಿನದೇ ಜೀರ್ಣರಸ ಅದನ್ನು ಕತ್ತರಿಸಿ ಹರಿತ ಮಾಡುತ್ತದೆ, ಹರಿತವಾದ ತುಂಡು ಕರುಳಿನ ಗೋಡೆಯಲ್ಲಿರುವ ಒಂದು ಬೀಗಕ್ಕೆ ಕೀಲಿಯಂತೆ ಕೂರುತ್ತದೆ. ಕೂತ ಜಾಗದಲ್ಲಿ ತೂತು. ಗೋಡೆಯ ಜೀವಕೋಶಗಳು ಒಡೆಯುತ್ತವೆ, ಹುಳು ತಿನ್ನುವುದನ್ನು ಬಿಟ್ಟು ಸಾಯುತ್ತದೆ. ಬಿಟಿ ಹತ್ತಿ ಎಂದರೆ ಈ ಪ್ರೋಟೀನಿನ ಜೀನನ್ನು ಹತ್ತಿಗೆ ಸೇರಿಸಿದ ಗಿಡ. ಗಿಡದಲ್ಲಿ ಬ್ಯಾಕ್ಟೀರಿಯಾ ಇರುವುದಿಲ್ಲ, ಅದರ ಪ್ರೋಟೀನ್ ಮಾತ್ರ ಇರುತ್ತದೆ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಕೆಲಸಕ್ಕೆ ಬರುತ್ತದೆ.

ಬೀಗ ಹುಳದಿಂದ ಹುಳಕ್ಕೆ ಬೇರೆ. ಹತ್ತಿಯ ಕಾಯಿಕೊರಕ ಪತಂಗದ ಮರಿ, ಕಾಫಿಯ ಕಾಯಿಕೊರಕ ಜೀರುಂಡೆ. ಹೆಸರು ಒಂದೇ ಆದರೂ ಕುಲ ಬೇರೆ. ಹತ್ತಿಯಲ್ಲಿ ಹಾಕಿರುವ ಪ್ರೋಟೀನು ಪತಂಗದ ಬೀಗಕ್ಕೆ ಹೊಂದುವಂಥದ್ದು, ಜೀರುಂಡೆಗೆ ಬೇರೆ ಬಗೆಯದೇ ಬೇಕು. ಹಾಗಾಗಿ "ಅದನ್ನೇ" ತಂದು ಕಾಫಿಗೆ ಹಾಕುವ ಮಾತು ಅಲ್ಲಿಗೇ ನಿಂತಿತು. ಕಾಫಿಗೆ ಬಿಟಿ ಹಾಕಿ ನೋಡಿದವರೇ ಇಲ್ಲವೆಂದಲ್ಲ. ದಕ್ಷಿಣ ಅಮೆರಿಕದ ಫ್ರೆಂಚ್ ಗಯಾನಾದಲ್ಲಿ ಫ್ರೆಂಚ್ ವಿಜ್ಞಾನಿಗಳು ಬಿಟಿ ಜೀನ್ ಸೇರಿಸಿದ ರೋಬಸ್ಟಾ ಗಿಡಗಳನ್ನು ಹೊಲದಲ್ಲಿ ನೆಟ್ಟು ನಾಲ್ಕು ವರ್ಷ ನೋಡಿದ್ದರು. ಅವರ ಗುರಿ ಎಲೆ ಸುರಂಗದ ಹುಳು. ಅದು ಪತಂಗದ ಮರಿ, ಬ್ರೆಜಿಲ್ ಕಡೆಯ ತಲೆನೋವು. ವಾಣಿಜ್ಯವಾಗಿ ಕುಲಾಂತರಿ ಕಾಫಿ ಎಲ್ಲೂ ಬೆಳೆಯುತ್ತಿಲ್ಲ. ನಮ್ಮ ದೇಶದ ರೈತರು ವಾಣಿಜ್ಯವಾಗಿ ಬೆಳೆಯಲು ಸಿಕ್ಕಿರುವ ಕುಲಾಂತರಿ ಬೆಳೆ ಹತ್ತಿಯೊಂದೇ.

ಆ ಹತ್ತಿಯ ಕತೆ ಏನಾಯಿತು? 2002ರಲ್ಲಿ ಒಂದು ಜೀನಿನ ಬಿಟಿ ಹತ್ತಿಗೆ ಒಪ್ಪಿಗೆ ಸಿಕ್ಕಿತು. 2006ರಲ್ಲಿ ಎರಡು ಜೀನಿನದು ಬಂತು. ಗುಲಾಬಿ ಕಾಯಿಕೊರಕ ಮೊದಲನೆಯದಕ್ಕೆ ಬಗ್ಗುತ್ತಿಲ್ಲವೆಂದು ಗುಜರಾತಿನಿಂದ 2010ರಲ್ಲಿ ಸುದ್ದಿ ಬಂತು. ಇನ್ನೈದು ವರ್ಷದಲ್ಲಿ ಎರಡು ಜೀನಿನ ಹತ್ತಿಯ ಕಾಯೊಳಗೂ ಅದು ಆರಾಮಾಗಿ ಕೂತಿತ್ತು. ಬದಲಾದದ್ದು ಮುಖ್ಯವಾಗಿ ಬೀಗ. ಭಾರತದ ಹೊಲಗಳಿಂದ ತಂದ ಗುಲಾಬಿ ಹುಳುಗಳಲ್ಲಿ ಆ ಬೀಗದ ಜೀನು ಹಲವು ಬಗೆಯಲ್ಲಿ ಕೆಟ್ಟಿರುವುದನ್ನು 2014ರಲ್ಲಿ ವಿಜ್ಞಾನಿಗಳು ತೋರಿಸಿದರು. ಕೀಲಿ ಚೆನ್ನಾಗೇ ಇದೆ, ಕೂರುವ ಜಾಗವೇ ಇಲ್ಲ.

ಇದನ್ನು ತಡೆಯಲು ಒಂದು ಉಪಾಯ ಇತ್ತು. ಹೊಲದ ಶೇ. 20ರಷ್ಟು ಜಾಗದಲ್ಲಿ, ಇಲ್ಲವೇ ಸುತ್ತ ಐದು ಸಾಲಿನಲ್ಲಿ, ಬಿಟಿ ಇಲ್ಲದ ಹತ್ತಿ ಹಾಕಬೇಕಿತ್ತು. ಅಲ್ಲಿ ಬದುಕುಳಿದ ಸಾಧು ಹುಳುಗಳು ಬಿಟಿಗೆ ಬಗ್ಗದ ಅಪರೂಪದ ಹುಳುಗಳ ಜೊತೆ ಕೂಡಿ ಮರಿ ಮಾಡಿದರೆ, ಆ ಮರಿಗಳಲ್ಲಿ ಒಂದು ಪ್ರತಿ ಒಳ್ಳೆಯ ಬೀಗವಾದರೂ ಉಳಿಯುತ್ತದೆ, ಬಿಟಿ ಅವನ್ನು ಕೊಲ್ಲುತ್ತದೆ. 450 ಗ್ರಾಂ ಬಿಟಿ ಬೀಜದ ಜೊತೆ 120 ಗ್ರಾಂ ಸಾದಾ ಬೀಜದ ಪೊಟ್ಟಣ ಕೊಡುತ್ತಿದ್ದದ್ದು ಇದಕ್ಕೇ. ಬಹಳ ಜನ ಅದನ್ನು ಬಿತ್ತಲೇ ಇಲ್ಲ. ಹುಳುವಿಗೆಂದು ಹೊಲ ಬಿಡಲು ಯಾರಿಗೆ ಮನಸ್ಸು ಬರುತ್ತದೆ? ನಾನಾಗಿದ್ದರೂ ಬಹುಶಃ ಬದುವಿಗೆ ಎಸೆಯುತ್ತಿದ್ದೆ. ಆದರೆ ಇದೇ ಹುಳು, ಇದೇ ಪ್ರೋಟೀನು ಇದ್ದ ಅಮೆರಿಕದಲ್ಲಿ ಬಿಟಿ ಹತ್ತಿಯ ಜೊತೆ ಬಂಜೆ ಪತಂಗಗಳನ್ನೂ ಬಿಟ್ಟು, 2018ರಲ್ಲಿ ಗುಲಾಬಿ ಕಾಯಿಕೊರಕ ನಿರ್ಮೂಲವಾಯಿತೆಂದು ಘೋಷಿಸಿದರು. ಚೀನಾದಲ್ಲಿ ಬಿಟಿ ಇರುವ, ಇಲ್ಲದ ಗಿಡಗಳು ಬೆರೆತು ಹುಟ್ಟುವ ಬೀಜ ಹಾಕಿದ್ದರಿಂದ ಏರುತ್ತಿದ್ದ ನಿರೋಧಕತೆ ಇಳಿಯಿತು.

ಮಾವ ಇಲ್ಲಿ ತಡೆದರು. "ಹುಳದ ಜೀನು ಕೆಟ್ಟದ್ದು ಸರಿ. ಹೊಟ್ಟೆಯ ಬ್ಯಾಕ್ಟೀರಿಯಾ ಇದರಲ್ಲಿ ಎಲ್ಲಿ ಬಂತು?"

ಅದು ಬರುವುದು ಆ ತೂತಿನ ಹತ್ತಿರ. ಬಿಟಿ ಪ್ರೋಟೀನು ಕರುಳಿನ ಗೋಡೆ ತೂತು ಮಾಡಿದ ಮೇಲೆ ಹುಳು ನಿಜವಾಗಿ ಯಾವುದರಿಂದ ಸಾಯುತ್ತದೆ? ಹಸಿವಿನಿಂದಲೋ, ತೂತಿನಿಂದಲೋ, ಅಥವಾ ಕರುಳಲ್ಲಿ ಸಭ್ಯವಾಗಿದ್ದ ಬ್ಯಾಕ್ಟೀರಿಯಾ ಆ ತೂತಿನಿಂದ ರಕ್ತಕ್ಕೆ ನುಗ್ಗಿ ನಂಜಾಗಿಸುವುದರಿಂದಲೋ? 2006ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ನಿಕೋಲ್ ಬ್ರಾಡೆರಿಕ್ ಮತ್ತು ಸಂಗಡಿಗರು ಜಿಪ್ಸಿ ಪತಂಗದ ಮರಿಗಳಿಗೆ ಆ್ಯಂಟಿಬಯೋಟಿಕ್ ಕೊಟ್ಟು ಕರುಳು ಖಾಲಿ ಮಾಡಿ ನಂತರ ಬಿಟಿ ತಿನ್ನಿಸಿದರು. ಮರಿಗಳು ಸಾಯಲಿಲ್ಲ. ಕರುಳಿನ ಒಂದು ಬ್ಯಾಕ್ಟೀರಿಯಾವನ್ನು ವಾಪಸು ಕೊಟ್ಟರು, ಬಿಟಿ ಮತ್ತೆ ಕೊಂದಿತು. ಕೊಲೆಗಾರ ಬಿಟಿ ಅಲ್ಲ, ಬಿಟಿ ಬಾಗಿಲು ತೆರೆಯುತ್ತದೆ ಅಷ್ಟೆ, ಕೊಲ್ಲುವುದು ಮನೆಯಲ್ಲೇ ಇದ್ದ ಬಾಡಿಗೆದಾರ ಎಂಬ ಅರ್ಥ ಬರುವ ಫಲಿತಾಂಶ ಅದು. ಹಾಗಿದ್ದರೆ ಕರುಳಲ್ಲಿ ಯಾರಿದ್ದಾರೆ ಎನ್ನುವುದರ ಮೇಲೆ ಹುಳು ಉಳಿಯುವುದೋ ಸಾಯುವುದೋ ನಿರ್ಧಾರವಾಗಬೇಕು.

ಸುದ್ದಿ ಚೆನ್ನಾಗಿತ್ತು, ಆದರೆ ಪೂರ್ತಿ ನಿಲ್ಲಲಿಲ್ಲ. 2009ರಲ್ಲಿ ಬೇರೆಯವರು ತಂಬಾಕಿನ ದೊಡ್ಡ ಹುಳು, ಎಲೆಕೋಸಿನ ವಜ್ರಬೆನ್ನಿನ ಪತಂಗ ಇವುಗಳಲ್ಲಿ ನೋಡಿದಾಗ, ಕರುಳಲ್ಲಿ ಬ್ಯಾಕ್ಟೀರಿಯಾ ಇಲ್ಲದೆಯೂ ಬಿಟಿ ಕೊಂದಿತು. ಆ್ಯಂಟಿಬಯೋಟಿಕ್ ತಾನೇ ಫಲಿತಾಂಶವನ್ನು ಕೆಡಿಸಿರಬಹುದು ಎಂಬ ತಕರಾರೂ ಬಂತು. ಮದ್ದಿನಂತೆ ಸಿಂಪಡಿಸುವ ಬಿಟಿಯೂ ಉಂಟು, ಅದರಲ್ಲಿ ಆ ಬ್ಯಾಕ್ಟೀರಿಯಾದ ಜೀವಂತ ಬೀಜಕಣಗಳಿರುತ್ತವೆ, ಹುಳುವಿನ ಕರುಳಲ್ಲಿ ಉಳಿದ ಆ್ಯಂಟಿಬಯೋಟಿಕ್ ಅವನ್ನೇ ಕೊಂದಿದ್ದರೆ ಹುಳು ಬದುಕುವುದರಲ್ಲಿ ಆಶ್ಚರ್ಯವೇನು? ಆಗಲೇ ನೆನಪಿಟ್ಟುಕೊಳ್ಳಿ ಎಂದಿದ್ದೆನಲ್ಲ: ಬಿಟಿ ಗಿಡದಲ್ಲಿ ಜೀವಂತ ಬಿಟಿ ಇಲ್ಲ. ಸಿಂಪಡಣೆಯಲ್ಲಿ ಕಂಡದ್ದನ್ನು ಗಿಡಕ್ಕೆ ನೇರವಾಗಿ ಅನ್ವಯಿಸುವ ಹಾಗಿಲ್ಲ. ಬ್ರಾಡೆರಿಕ್ ತಂಡವೇ ಅದೇ ವರ್ಷ ಇನ್ನಷ್ಟು ಪತಂಗಗಳನ್ನು ಪರೀಕ್ಷಿಸಿ, ಬ್ಯಾಕ್ಟೀರಿಯಾದ ಪಾಲು ಹುಳದಿಂದ ಹುಳಕ್ಕೆ ಬೇರೆಯಾಗುತ್ತದೆ ಎಂದಿತು. ನನಗೆ ಸರಿ ಅನ್ನಿಸುವುದೂ ಅದೇ. ಒಂದೊಂದು ಊರಿನಲ್ಲಿ ಬಾಡಿಗೆದಾರರು ಒಂದೊಂದು ಥರ ಇರುತ್ತಾರೆ.

ತೂತಿನಿಂದ ಒಳನುಗ್ಗುವ ಬ್ಯಾಕ್ಟೀರಿಯಾ ಬರೀ ಬಿಟಿಯ ವಿಷಯವಲ್ಲ. ಕುಶಾಲನಗರ ಕಡೆ ಮುಸುಕಿನ ಜೋಳ ಹಾಕುವವರಿಗೆ ಸೈನಿಕ ಹುಳು ಗೊತ್ತೇ ಇದೆ. ಫಾಲ್ ಸೈನಿಕ ಹುಳು ದೇಶದಲ್ಲಿ ಮೊದಲು ಸಿಕ್ಕಿದ್ದೇ ನಮ್ಮ ಶಿವಮೊಗ್ಗದಲ್ಲಿ, 2018ರಲ್ಲಿ. ಜೋಳದ ಎಲೆಯ ಮೇಲಿನ ಚಿಕ್ಕ ರೋಮ, ಗಿಡ ತಯಾರಿಸುವ ಕೆಲವು ಕಿಣ್ವ ಈ ಹುಳುವಿನ ಕರುಳಿನ ಪದರವನ್ನು ಹರಿಯುತ್ತವೆ, ಆಮೇಲೆ ಅದರ ಕರುಳಿನ ಬ್ಯಾಕ್ಟೀರಿಯಾವೇ ಅದಕ್ಕೆ ತಿರುಗಿಬೀಳುತ್ತವೆ ಎಂದು 2019ರಲ್ಲಿ ತೋರಿಸಿದರು. ಅಂದರೆ ಗಿಡಗಳು ಈ ಯುಕ್ತಿಯನ್ನು ನಮಗಿಂತ ಬಹಳ ಮೊದಲೇ ಕಲಿತಿವೆ.

ಬಾಡಿಗೆದಾರ ಹುಳುವನ್ನು ಕಾಯುವ ಉದಾಹರಣೆಗಳು ಇನ್ನೂ ಗಟ್ಟಿ. ಅಮೆರಿಕದ ಮುಸುಕಿನ ಜೋಳದ ಬೇರುಹುಳ ಒಂದು ಜೀರುಂಡೆ. ಅದು ಮೊಟ್ಟೆ ಇಡುತ್ತಿದ್ದದ್ದು ಜೋಳದ ಹೊಲದಲ್ಲಿ, ಮರಿ ತಿನ್ನುವುದು ಜೋಳದ ಬೇರು. ರೈತರು ಒಂದು ವರ್ಷ ಜೋಳ, ಮರುವರ್ಷ ಸೋಯಾ ಹಾಕಿದರೆ ಮರಿಗಳು ಹಸಿದು ಸಾಯುತ್ತಿದ್ದವು. ಮದ್ದಿಲ್ಲ, ಖರ್ಚಿಲ್ಲ. ಆಮೇಲೆ ಇಲಿನಾಯ್ ಕಡೆ ಕೆಲವು ಜೀರುಂಡೆಗಳು ಸೋಯಾ ಹೊಲಕ್ಕೇ ಹೋಗಿ ಮೊಟ್ಟೆ ಇಡತೊಡಗಿದವು, ಮುಂದಿನ ವರ್ಷ ಅಲ್ಲಿ ಜೋಳ ಬರುತ್ತದಲ್ಲ! ಸೋಯಾ ಎಲೆಯಲ್ಲಿ ಜೀರ್ಣ ಕೆಡಿಸುವ ಪ್ರೋಟೀನುಗಳಿವೆ. ಅಲ್ಲಿ ನಾಲ್ಕು ದಿನ ತಿಂದು ತಡೆದುಕೊಳ್ಳದಿದ್ದರೆ ಮೊಟ್ಟೆ ಇಡುವ ತನಕ ಬದುಕುವುದು ಕಷ್ಟ. 2013ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದವರು ಈ ಜೀರುಂಡೆಗಳ ಕರುಳು ನೋಡಿದಾಗ ಬ್ಯಾಕ್ಟೀರಿಯಾದ ಬೆರಕೆಯೇ ಬೇರೆಯಾಗಿತ್ತು. ಆ್ಯಂಟಿಬಯೋಟಿಕ್ ಕೊಟ್ಟ ಮೇಲೆ ಸೋಯಾ ತಡೆದುಕೊಳ್ಳುವ ಶಕ್ತಿ ಸಾಮಾನ್ಯ ಜೀರುಂಡೆಯ ಮಟ್ಟಕ್ಕೆ ಇಳಿಯಿತು. ಬೆಳೆ ಬದಲಿಸುವುದು ಎಲ್ಲ ಕಾಲಕ್ಕೂ ಕೆಲಸ ಮಾಡುತ್ತದೆ ಎಂದು ನಂಬಿದ್ದವರಿಗೆ, ಅವರಲ್ಲಿ ನಾನೂ ಒಬ್ಬ, ಇದು ಪೆಟ್ಟು.

ಇದೇ ಬೇರುಹುಳಕ್ಕೆ 2003ರಲ್ಲಿ ಬಿಟಿ ಜೋಳ ಬಂತು, 2009ರಷ್ಟರಲ್ಲೇ ಅಯೋವಾದ ಕೆಲವು ಹೊಲಗಳಲ್ಲಿ ಅದು ಅದನ್ನೂ ತಿಂದು ಬದುಕುತ್ತಿತ್ತು. ಬಿಟಿಗೆ ಬಗ್ಗುವ ಬೇರುಹುಳ, ಬಗ್ಗದ ಬೇರುಹುಳ ಇವೆರಡರ ಬ್ಯಾಕ್ಟೀರಿಯಾ ಸಂತೆಯಲ್ಲಿ ವ್ಯತ್ಯಾಸ ಇದೆಯೆಂದು 2021ರ ಅಧ್ಯಯನ ಹೇಳಿತು. ವ್ಯತ್ಯಾಸ ಇದ್ದ ಮಾತ್ರಕ್ಕೆ ಅದೇ ಕಾರಣ ಎಂದಾಗುವುದಿಲ್ಲ, ಬಿಡಿ. ಜ್ವರ ಬಂದವರ ಮನೆಯಲ್ಲೆಲ್ಲ ಗಂಜಿ ಇರುತ್ತದೆ, ಗಂಜಿಯಿಂದ ಜ್ವರ ಬಂತೆನ್ನುತ್ತೇವೆಯೇ?

ನನ್ನನ್ನು ಹೆಚ್ಚು ಕಾಡುವುದು ಜಪಾನಿನ ಅವರೆ ತಿಗಣೆಯ ಕತೆ. ಅದರ ಮರಿಗಳು ಪ್ರತಿ ತಲೆಮಾರಿನಲ್ಲೂ ತಮ್ಮ ಕರುಳಿನ ಬ್ಯಾಕ್ಟೀರಿಯಾವನ್ನು ಹೊಸದಾಗಿ ಮಣ್ಣಿನಿಂದ ಪಡೆಯುತ್ತವೆ, ತಾಯಿಯಿಂದಲ್ಲ. ಹೊಲಕ್ಕೆ ಫೆನಿಟ್ರೊಥಿಯಾನ್ ಎಂಬ ಮದ್ದು ಹೊಡೆಯುತ್ತ ಹೋದರೆ, ಮಣ್ಣಲ್ಲಿ ಆ ಮದ್ದನ್ನೇ ತಿಂದು ಬದುಕುವ ಬ್ಯಾಕ್ಟೀರಿಯಾ ಹೆಚ್ಚುತ್ತದೆ. ಅದು ತಿಗಣೆಯ ಕರುಳು ಸೇರಿದರೆ ತಿಗಣೆಗೂ ಮದ್ದು ಹತ್ತುವುದಿಲ್ಲ. 2012ರಲ್ಲಿ ಕಿಕುಚಿ ಮತ್ತು ಸಂಗಡಿಗರು ತೋರಿಸಿದ್ದು ಇದನ್ನು. ಇಲ್ಲಿ ತಿಗಣೆಯ ಒಂದು ಜೀನೂ ಬದಲಾಗಿಲ್ಲ, ತಲೆಮಾರುಗಟ್ಟಲೆ ಕಾಯಬೇಕಾಗಿಲ್ಲ. ಮದ್ದಿಗೆ ಬಗ್ಗದ ಶಕ್ತಿ ನಮ್ಮ ಮಣ್ಣಲ್ಲೇ ತಯಾರಾಗಿ ಹುಳುವಿಗೆ ಸಿಕ್ಕಿಬಿಡುತ್ತದೆ. ಇನ್ನೊಂದು ಕಡೆ, ನ್ಯೂ ಕ್ಯಾಲಿಡೋನಿಯಾ ದ್ವೀಪದಲ್ಲಿ ನಮ್ಮ ಬೋರರ್ ಎಂಡೋಸಲ್ಫಾನಿಗೆ ಬಗ್ಗದೆ ಹೋದದ್ದು 1980ರ ದಶಕದಲ್ಲೇ ದಾಖಲಾಯಿತು. ಅಲ್ಲಿ ಬದಲಾದದ್ದು ಹುಳುವಿನ ಜೀನೇ. ಎರಡು ದಾರಿಯೂ ಹುಳುವಿಗೆ ತೆರೆದಿವೆ.

ಹಾಗೆಂದು ಎಲ್ಲದಕ್ಕೂ ಬ್ಯಾಕ್ಟೀರಿಯಾದ ಮೇಲೆ ಗೂಬೆ ಕೂರಿಸುವುದನ್ನು ನಾನು ಒಪ್ಪುವುದಿಲ್ಲ. ಗುಲಾಬಿ ಕಾಯಿಕೊರಕದ ವಿಷಯಕ್ಕೆ ಕರುಳಿನ ಕತೆ ಬೇಕಾಗಿಯೇ ಇಲ್ಲ. ಕೆಟ್ಟ ಬೀಗ ಮತ್ತು ಬದುವಿಗೆ ಎಸೆದ 120 ಗ್ರಾಂ ಪೊಟ್ಟಣ ಸಾಕು. ಆದರೆ ನಾಳೆ ಯಾರಾದರೂ ಜೀರುಂಡೆಯ ಬೀಗಕ್ಕೆ ಹೊಂದುವ ಬಿಟಿಯನ್ನೋ, ಇನ್ನಷ್ಟು ಕೆಫೀನನ್ನೋ ಕಾಫಿ ಬೀಜದಲ್ಲಿ ತುಂಬಿ ತಂದರೆ ಕೇಳಬೇಕಾದ ಪ್ರಶ್ನೆ ಮಾತ್ರ ಹೆಚ್ಚಾಗಿದೆ. ಹುಳುವನ್ನು ಪರೀಕ್ಷಿಸಿದ್ದೀರಿ ಸರಿ, ಯಾವ ಊರಿನ ಹುಳು? ಪ್ರಯೋಗಾಲಯದ ಡಬ್ಬಿಯಲ್ಲಿ ಬೆಳೆದದ್ದೋ, ಪೊನ್ನಂಪೇಟೆಯ ನೆರಳು ತೋಟದಲ್ಲಿ ಉದುರು ಕಾಯಿ ತಿಂದು ಮಳೆಗಾಲ ಕಳೆದದ್ದೋ? ಎರಡರ ಕರುಳಿನ ಸಂತೆ ಒಂದೇ ಇರಬೇಕೆಂದಿಲ್ಲ.

"ಹಾಗಾದ್ರೆ ಆ್ಯಂಟಿಬಯೋಟಿಕ್ಕೇ ಹೊಡೆದುಬಿಡೋಣ" ಅಂದರು ಮಾವ. ಪ್ರಶ್ನೆ ಬಂದೇ ಬರುತ್ತದೆಂದು ಗೊತ್ತಿತ್ತು. ಬೀಜದೊಳಗಿನ ಹುಳುವಿಗೆ ಕ್ಲೋರ್‌ಪೈರಿಫಾಸ್ ಎಂಬ ಕೀಟನಾಶಕವೇ ಮುಟ್ಟದಿದ್ದ ಮೇಲೆ ಇದು ಮುಟ್ಟೀತೇ? ಮುಟ್ಟುವುದು ಮಣ್ಣಿಗೆ, ತೋಡಿಗೆ, ಅಲ್ಲಿಂದ ಕಾವೇರಿಗೆ. ಅದಕ್ಕೂ ಬಗ್ಗದ ಬ್ಯಾಕ್ಟೀರಿಯಾ ತೋಟದಲ್ಲಿ ಬೆಳೆದರೆ, ನಾಳೆ ಆಸ್ಪತ್ರೆಯಲ್ಲಿ ನಮಗೆ ಕೊಡಲು ಮದ್ದಿರುವುದಿಲ್ಲ. ಪ್ರಯೋಗಾಲಯದಲ್ಲಿ ಆ್ಯಂಟಿಬಯೋಟಿಕ್ ಬಳಸಿದ್ದು ಯಾರು ಏನು ಕೆಲಸ ಮಾಡುತ್ತಾರೆಂದು ತಿಳಿಯಲು, ತೋಟಕ್ಕೆ ಹೊಡೆಯಲು ಅಲ್ಲ.

ಮಾವ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಬದಿಗಿಟ್ಟಿದ್ದ ನಾಲ್ಕು ಹಣ್ಣನ್ನು ಕಾಫಿ ಕುಡಿದು ಮುಗಿಸಿದ ಲೋಟಕ್ಕೆ ಹಾಕಿ, ಒಲೆಯ ಮೇಲಿನ ಕುದಿಯುವ ನೀರು ತರಲು ಹೇಳಿದರು. ಬೋರರ್ ಹಿಡಿದ ಹಣ್ಣನ್ನು ಎರಡು ಮೂರು ನಿಮಿಷ ಕುದಿನೀರಿಗೆ ಅದ್ದಿ ಒಣಗಿಸಿ ಎಂದು ಬೋರ್ಡಿನವರು ಹೇಳುವುದನ್ನು ಅವರು ಮರೆತಿರಲಿಲ್ಲ. ಸ್ವಲ್ಪ ಹೊತ್ತಿಗೆ ಮೂರು ಕರಿ ಚುಕ್ಕೆಗಳು ಮೇಲೆ ತೇಲಿದವು.

"ಬಾಡಿಗೆದಾರರೂ ಹೋದ್ರಾ?"

"ಅವರೂ ಹೋದ್ರು ಮಾವ."

"ಹಾಂ" ಎಂದು ಲೋಟವನ್ನು ಬೇಲಿಯಾಚೆ ಚೆಲ್ಲಿ, ನಾಳೆ ಉದುರು ಹೆಕ್ಕಲು ನಮ್ಮ ಕಡೆಯಿಂದ ಎಷ್ಟು ಆಳು ಸಿಗುತ್ತಾರೆ ಎಂದು ಕೇಳಿದರು.